ಶೇಖರಣಾ ಸಾಧನಗಳಲ್ಲಿ ಬ್ಲಾಕ್ ಹಂತದ ದತ್ತಾಂಶ ಸಮಗ್ರತೆ: ಆಜ್ಞಾ ಸಾಲಿನಿಂದ ನಿರ್ವಹಿಸುವ ಕ್ರಮ

(ಸಾರ್ವಜನಿಕರ ಮಾಹಿತಿಗಾಗಿ)

ವಿವಿಧ ಸೇವೆಗಳಿಗೆ ಅರ್ಜಿ ಸಲ್ಲಿಸುವ ಸಾರ್ವಜನಿಕರು ತಮ್ಮ ದಾಖಲೆಪತ್ರಗಳನ್ನು ಸ್ಕ್ಯಾನ್ ಮಾಡಿಸಿ ಹಾರ್ಡ್ ಡಿಸ್ಕ್ ಅಥವಾ ಪೆನ್ ಡ್ರೈವ್‌ನಲ್ಲಿ ಇಟ್ಟುಕೊಳ್ಳುವುದು ಈಗ ವಾಡಿಕೆಯಾಗಿದೆ. ಹೀಗೆ ಇಟ್ಟ ಪ್ರತಿಯು ಹತ್ತು ವರ್ಷಗಳ ನಂತರವೂ ಇಟ್ಟ ದಿನ ಇದ್ದಂತೆಯೇ ಇರುವುದೆಂದು ಎಲ್ಲರೂ ನಂಬುತ್ತಾರೆ. ಆದರೆ ಡಿಸ್ಕ್ ಕೆಟ್ಟು ನಿಲ್ಲದೆ, ಯಾವುದೇ ಎಚ್ಚರಿಕೆಯನ್ನೂ ತೋರಿಸದೆ, ತನ್ನಲ್ಲಿ ಬರೆದದ್ದಕ್ಕಿಂತ ಬೇರೆಯಾದ ದತ್ತಾಂಶವನ್ನು ಹಿಂದಿರುಗಿಸುವ ಸಂಭವ ಉಂಟು. ಇಂತಹ ದೋಷವನ್ನು ಸಾಧನದ ಬ್ಲಾಕ್ ಹಂತದಲ್ಲಿಯೇ ಪತ್ತೆ ಮಾಡಲು ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯಲ್ಲಿ ಶುಲ್ಕವಿಲ್ಲದೆ ದೊರೆಯುವ ತಂತ್ರಾಂಶಗಳನ್ನು ಬಳಸುವ ಕ್ರಮವನ್ನು ಈ ಪುಟದಲ್ಲಿ ವಿವರಿಸಲಾಗಿದೆ.

ಓದುಗರ ಅನುಕೂಲಕ್ಕಾಗಿ ಆಜ್ಞೆಗಳನ್ನು ಉಚ್ಚಾರಣೆಗೆ ಅನುಗುಣವಾಗಿ ಕನ್ನಡ ಅಕ್ಷರಗಳಲ್ಲಿ ಕೊಡಲಾಗಿದೆ. ಗಣಕಯಂತ್ರದಲ್ಲಿ ಅವುಗಳನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡತಕ್ಕದ್ದು. ಆಜ್ಞೆಯ ಹೆಸರಿನ ಒಳಗೆ ಜಾಗ ಬಿಡುವಂತಿಲ್ಲ. ಹಲವು ಆಜ್ಞೆಗಳಿಗೆ ನಿರ್ವಾಹಕರ ಅಧಿಕಾರ ಬೇಕಾಗುವುದರಿಂದ ಅಂತಹ ಸಾಲಿನ ಮೊದಲು 'ಸುಡೊ' ಎಂದು ಸೇರಿಸಿಕೊಳ್ಳುವುದು.

1. ಯಾರಿಗೆ ಅವಶ್ಯಕ

ಪಹಣಿ, ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ ಮುಂತಾದವುಗಳ ಮೂಲ ದಾಖಲೆ ಸರ್ಕಾರದಲ್ಲಿಯೇ ಇರುವುದರಿಂದ ಬೇಕಾದಾಗ ಮತ್ತೆ ಪಡೆಯಬಹುದು. ಇಂತಹವುಗಳಿಗಾಗಿ ಈ ಪುಟದಲ್ಲಿ ಹೇಳಿರುವ ಶ್ರಮವನ್ನು ವಹಿಸುವ ಅಗತ್ಯವಿಲ್ಲ. ಅಜ್ಜನ ಕಾಲದ ನೋಂದಣಿಯಾಗದ ಪಾಲುಪಾರೀಖತ್ತು, ಕೈಬರಹದ ಹಳೆಯ ರಸೀದಿಗಳು, ಸಹಕಾರ ಸಂಘದ ನಡವಳಿ ಪುಸ್ತಕ, ಮುಚ್ಚಿಹೋದ ಶಾಲೆಯ ವರ್ಗಾವಣೆ ಪತ್ರ, ಹೀಗೆ ಒಮ್ಮೆ ಕಳೆದರೆ ಯಾವ ಕಚೇರಿಯಲ್ಲಿಯೂ ಮರಳಿ ದೊರೆಯದ ಪತ್ರಗಳ ಪ್ರತಿಗಳನ್ನು ಇಟ್ಟುಕೊಂಡವರಿಗೆ ಇದು ಉಪಯುಕ್ತ. ಬೇರೆಯವರ ದಾಖಲೆಗಳನ್ನು ಸ್ಕ್ಯಾನ್ ಮಾಡಿ ವರ್ಷಗಟ್ಟಲೆ ಇಟ್ಟುಕೊಳ್ಳುವ ವಕೀಲರ ಕಚೇರಿಗಳು, ಸಂಘ ಸಂಸ್ಥೆಗಳು ಹಾಗೂ ದಸ್ತಾವೇಜು ಬರಹಗಾರರಿಗೂ ಅನ್ವಯಿಸುತ್ತದೆ.

ಕಾಗದದ ಮೂಲ ಪ್ರತಿ ಇರುವವರೆಗೂ ಅದೇ ಮೂಲ. ಸ್ಕ್ಯಾನ್ ಆಯಿತೆಂದು ಮೂಲವನ್ನು ವಿಲೇವಾರಿ ಮಾಡಬಾರದು.

2. ದೋಷವು ಹೇಗೆ ಉಂಟಾಗುತ್ತದೆ

ಹಾರ್ಡ್ ಡಿಸ್ಕ್ ದತ್ತಾಂಶವನ್ನು 512 ಅಥವಾ 4096 ಬೈಟ್‌ಗಳ ಸಮಾನ ತುಂಡುಗಳಾಗಿ ಇಡುತ್ತದೆ. ಇವುಗಳಿಗೆ ಸೆಕ್ಟರ್ ಅಥವಾ ಬ್ಲಾಕ್ ಎಂದು ಹೆಸರು. ಒಂದು ಕಡತವು ಇಂತಹ ಸಾವಿರಾರು ಬ್ಲಾಕುಗಳಲ್ಲಿ ಹರಡಿಕೊಂಡಿರುತ್ತದೆ. ಪ್ರತಿ ಸೆಕ್ಟರ್ ಜೊತೆಗೆ ಡಿಸ್ಕ್ ತನ್ನದೇ ಆದ ದೋಷ ತಿದ್ದುಪಡಿ ಸಂಕೇತವನ್ನೂ ಬರೆದುಕೊಳ್ಳುತ್ತದೆ. ಆದ್ದರಿಂದ ಕಾಂತೀಯ ಪದರದಲ್ಲಿ ಒಂದೆರಡು ಬಿಟ್‌ಗಳು ಅಳಿಸಿದರೆ ಅದು ತಾನೇ ಸರಿಪಡಿಸಿಕೊಳ್ಳುತ್ತದೆ, ಸಾಧ್ಯವಾಗದಿದ್ದರೆ ಓದಲಾಗಲಿಲ್ಲವೆಂದು ಹೇಳುತ್ತದೆ.

ಅಪಾಯವಿರುವುದು ಈ ಸಂಕೇತಕ್ಕೆ ಸಿಕ್ಕದ ದೋಷಗಳಲ್ಲಿ. ಬರೆದಿದ್ದೇನೆಂದು ಡಿಸ್ಕ್ ವರದಿ ಮಾಡಿ ವಾಸ್ತವವಾಗಿ ಬರೆಯದೇ ಇರುವುದು ಒಂದು ಬಗೆ. ಆ ಸ್ಥಳದಲ್ಲಿ ಹಿಂದಿನ ದತ್ತಾಂಶವೇ ಉಳಿದು, ಅದರ ಹಿಂದಿನ ಸಂಕೇತದೊಡನೆ ಸರಿಯಾಗಿಯೇ ಹೊಂದುತ್ತದೆ. ಒಂದು ಸ್ಥಳಕ್ಕೆ ಬರೆಯಬೇಕಾದುದನ್ನು ಮತ್ತೊಂದು ಸ್ಥಳಕ್ಕೆ ಬರೆಯುವುದು ಇನ್ನೊಂದು ಬಗೆ. ಕೇಬಲ್, ಯುಎಸ್‌ಬಿ ಪೆಟ್ಟಿಗೆಯೊಳಗಿನ ನಿಯಂತ್ರಕ, ಡಿಸ್ಕಿನ ಒಳತಂತ್ರಾಂಶ ಇವುಗಳಲ್ಲಿ ಯಾವುದೇ ದೋಷವಿದ್ದರೂ ಹೀಗಾಗಬಹುದು. ಇವುಗಳನ್ನು ಮೌನ ದೋಷಗಳೆಂದು ಕರೆಯಬಹುದು.

ಇದು ಕೇವಲ ಊಹೆಯಲ್ಲ. ವಿಸ್ಕಾನ್ಸಿನ್-ಮ್ಯಾಡಿಸನ್ ವಿಶ್ವವಿದ್ಯಾಲಯ, ಟೊರಾಂಟೊ ವಿಶ್ವವಿದ್ಯಾಲಯ ಹಾಗೂ ನೆಟ್‌ಆಪ್ ಸಂಸ್ಥೆಯ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 15.3 ಲಕ್ಷ ಡಿಸ್ಕ್‌ಗಳನ್ನು 41 ತಿಂಗಳ ಕಾಲ ಗಮನಿಸಿ, ದತ್ತಾಂಶವು ತನ್ನ ಪರಿಶೀಲನಾ ಮೊತ್ತಕ್ಕೆ ತಾಳೆಯಾಗದ 4 ಲಕ್ಷಕ್ಕೂ ಹೆಚ್ಚು ಪ್ರಕರಣಗಳನ್ನು ದಾಖಲಿಸಿದ್ದಾರೆ. ದೊಡ್ಡ ಸಂಸ್ಥೆಗಳಿಗೆಂದು ತಯಾರಾದ ದುಬಾರಿ ಡಿಸ್ಕ್‌ಗಳಿಗಿಂತ ಸಾಟಾ ಡಿಸ್ಕ್‌ಗಳಲ್ಲಿ ಈ ದೋಷ ಸುಮಾರು ಹತ್ತು ಪಟ್ಟು ಹೆಚ್ಚಾಗಿ ಕಂಡುಬಂದಿತು. ಮನೆಗಳಲ್ಲಿ ಬಳಕೆಯಾಗುವ ಹಾರ್ಡ್ ಡಿಸ್ಕ್‌ಗಳು ಬಹುಪಾಲು ಸಾಟಾ ಬಗೆಯವೇ. ಪ್ರಕರಣಗಳು ಎಲ್ಲ ಡಿಸ್ಕ್‌ಗಳಿಗೂ ಸಮನಾಗಿ ಹಂಚಿಹೋಗಿರಲಿಲ್ಲ. ಒಮ್ಮೆ ತಪ್ಪಿದ ಡಿಸ್ಕ್ ಮತ್ತೆ ತಪ್ಪುವ ಸಂಭವ ಹೆಚ್ಚು ಎಂಬುದೂ ಅದೇ ಅಧ್ಯಯನದಿಂದ ತಿಳಿದುಬಂದಿದೆ.

ಒಂದೇ ಒಂದು ಬಿಟ್ ಬದಲಾದರೆ ಆಗುವುದೇನು ಎಂಬುದಕ್ಕೆ ಉದಾಹರಣೆ: ಗಣಕಯಂತ್ರವು 1 ಎಂಬ ಅಂಕಿಯನ್ನು ಇಡುವ ಸಂಕೇತಕ್ಕೂ 9 ಎಂಬ ಅಂಕಿಯ ಸಂಕೇತಕ್ಕೂ ಇರುವ ವ್ಯತ್ಯಾಸ ಒಂದು ಬಿಟ್ ಮಾತ್ರ. ಯೂನಿಕೋಡ್‌ನಲ್ಲಿ ಬರೆದ ಕನ್ನಡದ ೧ ಮತ್ತು ೯ ಅಂಕಿಗಳಿಗೂ ಇದೇ ಅನ್ವಯ. ಪಟ್ಟಿಯೊಂದರಲ್ಲಿ 12 ಗುಂಟೆ ಎಂದಿದ್ದದ್ದು 92 ಗುಂಟೆಯಾದರೆ, 40 ಗುಂಟೆಗೆ 1 ಎಕರೆ ಎಂದು ಬಲ್ಲ ಯಾರಿಗಾದರೂ ತಪ್ಪು ಕಣ್ಣಿಗೆ ಬೀಳುತ್ತದೆ. ಸರ್ವೆ ನಂಬರ್ 41 ಎಂಬುದು 49 ಆದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಸ್ಕ್ಯಾನ್ ಮಾಡಿದ ಜೆಪೆಗ್ ಚಿತ್ರದಲ್ಲಾದರೆ ಒಂದು ಬಿಟ್ ಬದಲಾವಣೆಯಿಂದ ಆ ಸ್ಥಳದಿಂದ ಕೆಳಗಿನ ಚಿತ್ರಭಾಗವೆಲ್ಲ ಸರಿದುಹೋಗಬಹುದು ಅಥವಾ ಬಣ್ಣ ಕೆಡಬಹುದು. ಅದು ಕಾಣುವುದಾದರೂ ಕಡತವನ್ನು ತೆರೆದ ದಿನ ಮಾತ್ರ, ಮತ್ತು ಆ ದಿನ ಸಾಮಾನ್ಯವಾಗಿ ಅರ್ಜಿ ಸಲ್ಲಿಸಲು ಕೊನೆಯ ದಿನವಾಗಿರುತ್ತದೆ.

3. ತಾಳೆಸಂಖ್ಯೆಯ ವ್ಯವಸ್ಥೆ

ಲೆಕ್ಕಪತ್ರ ಬರೆಯುವವರು ನಗದು ಪುಸ್ತಕದ ಪ್ರತಿ ಪುಟದ ಅಡಿಯಲ್ಲಿ ಮೊತ್ತ ಬರೆಯುತ್ತಾರೆ. ನಡುವಿನ ಒಂದು ಅಂಕಿಯನ್ನು ಯಾರಾದರೂ ಅಳಿಸಿದರೆ ಅಡಿ ಮೊತ್ತ ತಾಳೆಯಾಗುವುದಿಲ್ಲ. ಇದೇ ಕ್ರಮವನ್ನು ಡಿಸ್ಕಿನ ಪ್ರತಿ ಬ್ಲಾಕಿಗೂ ಅನ್ವಯಿಸುವ ಸೌಲಭ್ಯಕ್ಕೆ ಡಿಎಂ-ಇಂಟೆಗ್ರಿಟಿ ಎಂದು ಹೆಸರು. ಇದು 2017ರಲ್ಲಿ ಬಿಡುಗಡೆಯಾದ ಲಿನಕ್ಸ್ ಕರ್ನೆಲ್ 4.12ರಿಂದ ಲಭ್ಯವಿದೆ. ಇದನ್ನು ನಿರ್ವಹಿಸುವ ಆಜ್ಞೆಯು ಇಂಟೆಗ್ರಿಟಿಸೆಟಪ್. ಅದು ಅದೇ ವರ್ಷ ಬಂದ ಕ್ರಿಪ್ಟ್‌ಸೆಟಪ್ 2.0 ತಂತ್ರಾಂಶದ ಭಾಗವಾಗಿದೆ.

ಬ್ಲಾಕೊಂದನ್ನು ಬರೆಯುವಾಗ ಈ ವ್ಯವಸ್ಥೆಯು ಅದರ ತಾಳೆಸಂಖ್ಯೆಯನ್ನು ಲೆಕ್ಕ ಹಾಕಿ ಡಿಸ್ಕಿನ ಬೇರೊಂದು ಸ್ಥಳದಲ್ಲಿ ಬರೆದಿಡುತ್ತದೆ. ಓದುವಾಗ ಮತ್ತೆ ಲೆಕ್ಕ ಹಾಕಿ ಹೋಲಿಸುತ್ತದೆ. ಲೆಕ್ಕದಲ್ಲಿ ಬ್ಲಾಕಿನ ಕ್ರಮಸಂಖ್ಯೆಯನ್ನೂ ಸೇರಿಸುವುದರಿಂದ, ಸರಿಯಾದ ದತ್ತಾಂಶವೇ ತಪ್ಪು ಸ್ಥಳದಲ್ಲಿ ಬಂದು ಕುಳಿತಿದ್ದರೂ ತಿಳಿಯುತ್ತದೆ. ತಾಳೆಯಾಗದಿದ್ದಲ್ಲಿ ತಪ್ಪು ದತ್ತಾಂಶವನ್ನು ಕೊಡದೆ, ಓದುವಿಕೆ ವಿಫಲವಾಯಿತೆಂದು ತಿಳಿಸುತ್ತದೆ. ಈ ವ್ಯವಸ್ಥೆಯಿಂದ ಆಗುವ ಪ್ರಯೋಜನ ಇಷ್ಟೇ: ಮೌನವಾಗಿದ್ದ ದೋಷಕ್ಕೆ ಬಾಯಿ ಬರುತ್ತದೆ. ಅದು ದೋಷವನ್ನು ಸರಿಪಡಿಸುವುದಿಲ್ಲ. ಗಣಕಯಂತ್ರದ ನೆನಪಿನ ಭಾಗದಲ್ಲಿಯೇ (ರ‍್ಯಾಮ್) ಕೆಟ್ಟು ಬಂದ ದತ್ತಾಂಶಕ್ಕೆ ಕೆಟ್ಟ ರೂಪದಲ್ಲಿಯೇ ತಾಳೆಸಂಖ್ಯೆ ಬರೆಯುತ್ತದೆ ಎಂಬುದನ್ನೂ ಗಮನಿಸುವುದು.

ಬೇರೆ ವಿಧಾನ ಸೂಚಿಸದಿದ್ದರೆ ಸಿಆರ್‌ಸಿ32ಸಿ ಎಂಬ ವಿಧಾನದಲ್ಲಿ 4 ಬೈಟ್‌ಗಳ ತಾಳೆಸಂಖ್ಯೆ ಬಳಕೆಯಾಗುತ್ತದೆ. ಬ್ಲಾಕ್ 512 ಬೈಟ್ ಇದ್ದರೆ ಇದಕ್ಕೆ ತಗಲುವ ಜಾಗ ಶೇ. 0.78, 4096 ಬೈಟ್ ಇದ್ದರೆ ಶೇ. 0.1, ಅಂದರೆ 1 ಟಿಬಿ ಡಿಸ್ಕಿನಲ್ಲಿ ಸುಮಾರು 1 ಜಿಬಿ ಮಾತ್ರ.

ಜಾಗಕ್ಕಿಂತ ಹೆಚ್ಚಿನ ವೆಚ್ಚವಿರುವುದು ವೇಗದಲ್ಲಿ. ದತ್ತಾಂಶ ಬರೆದು ತಾಳೆಸಂಖ್ಯೆ ಬರೆಯುವುದರೊಳಗೆ ವಿದ್ಯುತ್ ಹೋದರೆ ಎರಡೂ ಹೊಂದದೆ ಒಳ್ಳೆಯ ಬ್ಲಾಕೂ ಕೆಟ್ಟದ್ದೆಂದು ಕಾಣುತ್ತದೆ. ಇದನ್ನು ತಪ್ಪಿಸಲು ಎರಡನ್ನೂ ಮೊದಲು ಜರ್ನಲ್ ಎಂಬ ಭಾಗದಲ್ಲಿ ಬರೆದು, ನಂತರ ಅವುಗಳ ಸ್ಥಳಕ್ಕೆ ವರ್ಗಾಯಿಸಲಾಗುತ್ತದೆ. ದಿನವಹಿಯಲ್ಲಿ ಮೊದಲು ಬರೆದು ಆಮೇಲೆ ಖಾತಾವಹಿಗೆ ಏರಿಸುವ ಪದ್ಧತಿಯೇ ಇದು. ಹೆಸರೂ ಅಲ್ಲಿಂದಲೇ ಬಂದದ್ದು. ಎಲ್ಲವನ್ನೂ ಎರಡು ಸಲ ಬರೆಯಬೇಕಾದ್ದರಿಂದ ಬರವಣಿಗೆಯ ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. 2019ರ ಕರ್ನೆಲ್ 5.2ರಿಂದ ಬಿಟ್‌ಮ್ಯಾಪ್ ಎಂಬ ವೇಗದ ವಿಧಾನವೂ ಇದೆ. ಅದರಲ್ಲಿ ವಿದ್ಯುತ್ ಹೋದ ಸಮಯದಲ್ಲಿ ಬರೆಯುತ್ತಿದ್ದ ಪ್ರದೇಶದ ತಾಳೆಸಂಖ್ಯೆಗಳನ್ನು ಹೊಸದಾಗಿ ಲೆಕ್ಕ ಹಾಕಲಾಗುತ್ತದೆ. ಅದೇ ಹೊತ್ತಿಗೆ ಆ ಪ್ರದೇಶದಲ್ಲಿ ದೋಷ ಉಂಟಾಗಿದ್ದರೆ ಅದು ಮುಚ್ಚಿಹೋಗುತ್ತದೆ. ವರ್ಷಕ್ಕೆ ನಾಲ್ಕು ಸಲ ದಾಖಲೆ ಸೇರಿಸುವವರಿಗೆ ವೇಗ ಮುಖ್ಯವಲ್ಲವಾದ್ದರಿಂದ ಜರ್ನಲ್ ವಿಧಾನವನ್ನೇ ಉಳಿಸಿಕೊಳ್ಳುವುದು ಸೂಕ್ತ.

4. ಪೂರ್ವಭಾವಿ ಪರಿಶೀಲನೆ

ಡೆಬಿಯನ್ ಮತ್ತು ಉಬುಂಟು ಆವೃತ್ತಿಗಳಲ್ಲಿ ಕ್ರಿಪ್ಟ್‌ಸೆಟಪ್-ಬಿನ್ ಎಂಬ ಕಟ್ಟನ್ನು ಅನುಸ್ಥಾಪಿಸಿದರೆ ಅಗತ್ಯ ಆಜ್ಞೆಗಳು ದೊರೆಯುತ್ತವೆ. ಡಿಸ್ಕಿನ ಆರೋಗ್ಯ ತಪಾಸಣೆಗೆ ಸ್ಮಾರ್ಟ್‌ಮಾನ್‌ಟೂಲ್ಸ್ ಎಂಬ ಕಟ್ಟು ಬೇಕು.

ಮೊದಲನೆಯ ಕೆಲಸ, ಯಾವ ಡಿಸ್ಕ್ ಯಾವುದೆಂದು ಖಚಿತಪಡಿಸಿಕೊಳ್ಳುವುದು.

ಎಲ್‌ಎಸ್‌ಬಿಎಲ್‌ಕೆ -ಒ ನೇಮ್,ಸೈಜ್,ಮಾಡೆಲ್,ಸೀರಿಯಲ್

ಈ ಆಜ್ಞೆಯು ಪ್ರತಿ ಸಾಧನದ ಹೆಸರು, ಗಾತ್ರ, ಮಾದರಿ ಮತ್ತು ಕ್ರಮಸಂಖ್ಯೆಯನ್ನು ತೋರಿಸುತ್ತದೆ. ಕ್ರಮಸಂಖ್ಯೆಯನ್ನು ಡಿಸ್ಕಿನ ಮೇಲೆ ಅಂಟಿಸಿರುವ ಚೀಟಿಯೊಡನೆ ಹೋಲಿಸತಕ್ಕದ್ದು. ಎಸ್‌ಡಿಬಿ, ಎಸ್‌ಡಿಸಿ ಎಂಬ ಹೆಸರುಗಳು ಡಿಸ್ಕ್ ಕಳಚಿ ಮತ್ತೆ ಜೋಡಿಸಿದಾಗ ಅದಲುಬದಲಾಗಬಹುದು. ನಿನ್ನೆ ಎಸ್‌ಡಿಬಿ ಆಗಿದ್ದದ್ದು ಇಂದು ಬೇರೆಯದಾಗಿರಬಹುದೆಂಬ ಒಂದು ಸಂಗತಿಯನ್ನು ಮರೆತು ದಾಖಲೆ ಕಳೆದುಕೊಳ್ಳುವುದು ಮೌನ ದೋಷದಿಂದ ಕಳೆದುಕೊಳ್ಳುವುದಕ್ಕಿಂತ ಸುಲಭ. ಬದಲಾಗದ ಹೆಸರು ಬೇಕಾದವರು /ಡೆವ್/ಡಿಸ್ಕ್/ಬೈ-ಐಡಿ ಕಡತಕೋಶದಲ್ಲಿರುವ ಹೆಸರುಗಳನ್ನು ಬಳಸಬಹುದು.

ಎರಡನೆಯದಾಗಿ, ಡಿಸ್ಕ್ ಈಗಾಗಲೇ ಬಳಲಿದೆಯೇ ಎಂದು ನೋಡುವುದು.

ಸ್ಮಾರ್ಟ್‌ಸಿಟಿಎಲ್ -ಎ /ಡೆವ್/ಎಸ್‌ಡಿಬಿ

ಇದರ ಫಲಿತಾಂಶದಲ್ಲಿ 5, 197 ಮತ್ತು 198ನೇ ಸಾಲುಗಳ ಕೊನೆಯ ಅಂಕಣವನ್ನು ಗಮನಿಸುವುದು. 5ನೇ ಸಾಲು ಕೆಟ್ಟು ಬದಲಿ ಸ್ಥಳಕ್ಕೆ ವರ್ಗವಾದ ಸೆಕ್ಟರ್‌ಗಳನ್ನೂ, 197ನೇ ಸಾಲು ಓದಲಾಗದೆ ತೀರ್ಮಾನಕ್ಕೆ ಕಾದಿರುವ ಸೆಕ್ಟರ್‌ಗಳನ್ನೂ ತಿಳಿಸುತ್ತದೆ. ಇವು ಸೊನ್ನೆಯಾಗಿರಬೇಕು. ಸೊನ್ನೆಯಲ್ಲದೆ ದಿನೇದಿನೇ ಏರುತ್ತಿದ್ದರೆ ಅಂತಹ ಡಿಸ್ಕನ್ನು ದಾಖಲೆಗಳಿಗೆ ಬಳಸಬಾರದು. ಯುಎಸ್‌ಬಿ ಪೆಟ್ಟಿಗೆಯಲ್ಲಿರುವ ಡಿಸ್ಕ್ ಉತ್ತರ ಕೊಡದಿದ್ದಲ್ಲಿ '-ಡಿ ಸ್ಯಾಟ್' ಎಂದು ಸೇರಿಸಿ ಪ್ರಯತ್ನಿಸುವುದು. '-ಎ' ಬದಲಿಗೆ '-ಟಿ ಲಾಂಗ್' ಎಂದು ಕೊಟ್ಟರೆ ಡಿಸ್ಕ್ ತನ್ನ ಮೇಲ್ಮೈಯನ್ನೆಲ್ಲ ತಾನೇ ತಪಾಸಣೆ ಮಾಡಿಕೊಳ್ಳುತ್ತದೆ. ಇದಕ್ಕೆ ಹಲವು ಗಂಟೆಗಳು ಬೇಕಾಗಬಹುದು. ಬ್ಯಾಡ್‌ಬ್ಲಾಕ್ಸ್ ಎಂಬ ಇನ್ನೊಂದು ಆಜ್ಞೆಯೂ ಇದೆ. ಅದಕ್ಕೆ '-ಡಬ್ಲ್ಯೂ' ಎಂಬ ಆಯ್ಕೆಯನ್ನು ಕೊಟ್ಟರೆ ಡಿಸ್ಕಿನಲ್ಲಿರುವ ಎಲ್ಲವೂ ಅಳಿಸಿಹೋಗುತ್ತದೆ.

5. ಸಾಧನವನ್ನು ಸಿದ್ಧಪಡಿಸುವ ಕ್ರಮ

ಮುನ್ನೆಚ್ಚರಿಕೆ: ಈ ಕೆಳಗಿನ ಮೊದಲ ಆಜ್ಞೆಯು ಸಾಧನದಲ್ಲಿರುವ ಸಮಸ್ತ ದತ್ತಾಂಶವನ್ನು ಅಳಿಸುತ್ತದೆ. ಈಗಾಗಲೇ ದಾಖಲೆಗಳಿರುವ ಡಿಸ್ಕಿಗೆ ಅವುಗಳನ್ನು ಬೇರೆಡೆ ನಕಲು ಮಾಡಿಕೊಳ್ಳದೆ ಇದನ್ನು ಬಳಸಬಾರದು.

ಇಂಟೆಗ್ರಿಟಿಸೆಟಪ್ ಫಾರ್ಮ್ಯಾಟ್ --ಸೆಕ್ಟರ್-ಸೈಜ್ 4096 /ಡೆವ್/ಎಸ್‌ಡಿಬಿ1

ತಂತ್ರಾಂಶವು ಖಚಿತಪಡಿಸುವಂತೆ ಕೇಳಿದಾಗ 'ಯೆಸ್' ಎಂಬುದನ್ನು ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ ಬರೆಯಬೇಕು. ಈ ಪುಟದಲ್ಲಿ ದೊಡ್ಡ ಅಕ್ಷರ ಬೇಕಾಗುವುದು ಇಲ್ಲಿ ಮತ್ತು 6ನೇ ವಿಭಾಗದ 1ಎಂ ಎಂಬಲ್ಲಿ ಮಾತ್ರ. ಉತ್ತರ ಕೊಡುವ ಮುನ್ನ ಸಾಧನದ ಹೆಸರನ್ನು ಇನ್ನೊಮ್ಮೆ ಓದಿಕೊಳ್ಳುವುದು. ನಂತರ ಡಿಸ್ಕಿನ ಎಲ್ಲ ಬ್ಲಾಕುಗಳಿಗೂ ಆರಂಭಿಕ ತಾಳೆಸಂಖ್ಯೆ ಬರೆಯಲಾಗುತ್ತದೆ. ಸೆಕೆಂಡಿಗೆ 100 ಎಂಬಿ ಬರೆಯಬಲ್ಲ 1 ಟಿಬಿ ಡಿಸ್ಕಿಗೆ ಇದು ಪೌಣೇ ಮೂರು ಗಂಟೆಗಳಿಗೆ ಕಡಿಮೆಯಿಲ್ಲದ ಕೆಲಸ. ಅವಸರದಿಂದ '--ನೊ-ವೈಪ್' ಆಯ್ಕೆ ಕೊಟ್ಟು ಈ ಹಂತವನ್ನು ಬಿಟ್ಟರೆ, ಬರೆಯದೇ ಉಳಿದ ಬ್ಲಾಕುಗಳನ್ನು ಓದಿದಾಗಲೆಲ್ಲ ದೋಷ ವರದಿಯಾಗುತ್ತದೆ.

ಮುಂದಿನ ಮೂರು ಆಜ್ಞೆಗಳಿಂದ ಸಾಧನವನ್ನು ತೆರೆದು, ಕಡತ ವ್ಯವಸ್ಥೆಯನ್ನು ನಿರ್ಮಿಸಿ, ಬಳಕೆಗೆ ಜೋಡಿಸಬೇಕು.

ಇಂಟೆಗ್ರಿಟಿಸೆಟಪ್ ಓಪನ್ /ಡೆವ್/ಎಸ್‌ಡಿಬಿ1 ದಾಖಲೆ
ಎಂಕೆಎಫ್‌ಎಸ್.ಇಎಕ್ಸ್‌ಟಿ4 /ಡೆವ್/ಮ್ಯಾಪರ್/ದಾಖಲೆ
ಮೌಂಟ್ /ಡೆವ್/ಮ್ಯಾಪರ್/ದಾಖಲೆ /ಎಂಎನ್‌ಟಿ

ಇಲ್ಲಿ 'ದಾಖಲೆ' ಎಂಬುದು ಬಳಕೆದಾರರು ಇಟ್ಟುಕೊಳ್ಳುವ ಹೆಸರು. ಇಂಗ್ಲಿಷ್ ಅಕ್ಷರಗಳಲ್ಲಿ ಯಾವ ಹೆಸರನ್ನಾದರೂ ಇಡಬಹುದು. ಎರಡನೆಯ ಆಜ್ಞೆಯು ಮೊದಲ ಸಲಕ್ಕೆ ಮಾತ್ರ. ಮುಂದಿನ ಸಲ ಅದನ್ನು ಕೊಟ್ಟರೆ ದಾಖಲೆಗಳು ಹೋಗುತ್ತವೆ. ಕಡತಗಳನ್ನು ಯಾವಾಗಲೂ ಮ್ಯಾಪರ್ ಹೆಸರಿನ ಮೂಲಕವೇ ಬರೆಯಬೇಕು. ಎಸ್‌ಡಿಬಿ1ಕ್ಕೆ ನೇರವಾಗಿ ಏನನ್ನಾದರೂ ಬರೆದರೆ ಅದಕ್ಕೆ ತಾಳೆಸಂಖ್ಯೆ ಇರುವುದಿಲ್ಲ, ಮುಂದೆ ಅದು ದೋಷವೆಂದೇ ಕಾಣುತ್ತದೆ. ಕೆಲಸ ಮುಗಿದ ಮೇಲೆ ಸಾಧನವನ್ನು ಮುಚ್ಚುವ ಕ್ರಮ:

ಯುಮೌಂಟ್ /ಎಂಎನ್‌ಟಿ
ಇಂಟೆಗ್ರಿಟಿಸೆಟಪ್ ಕ್ಲೋಸ್ ದಾಖಲೆ

('ಯುಮೌಂಟ್' ಎಂಬಲ್ಲಿ 'ಯು' ಅಕ್ಷರದ ನಂತರ ನೇರವಾಗಿ 'ಮೌಂಟ್' ಬರುತ್ತದೆ, ನಡುವೆ 'ಎನ್' ಇಲ್ಲ. ಹೊಸಬರು ಹೆಚ್ಚಾಗಿ ತಪ್ಪುವುದು ಇಲ್ಲಿಯೇ.)

ತಾಳೆಸಂಖ್ಯೆಯ ಅಳತೆ, ಬ್ಲಾಕಿನ ಗಾತ್ರ ಮುಂತಾದ ವಿವರಗಳು ಡಿಸ್ಕಿನ ಆರಂಭದಲ್ಲಿಯೇ ದಾಖಲಾಗಿರುತ್ತವೆ. ಅವುಗಳನ್ನು 'ಇಂಟೆಗ್ರಿಟಿಸೆಟಪ್ ಡಂಪ್ /ಡೆವ್/ಎಸ್‌ಡಿಬಿ1' ಎಂಬ ಆಜ್ಞೆಯಿಂದ ನೋಡಬಹುದು. ಆದರೆ ಯಾವ ವಿಧಾನದಿಂದ ಲೆಕ್ಕ ಹಾಕಲಾಗಿದೆ ಎಂಬುದು ಅಲ್ಲಿ ದಾಖಲಾಗಿರುವುದಿಲ್ಲ. ಸಿಆರ್‌ಸಿ32ಸಿ ಬಿಟ್ಟು ಎಸ್‌ಎಚ್‌ಎ256 ಮುಂತಾದ ಬೇರೆ ವಿಧಾನದಲ್ಲಿ ಸಿದ್ಧಪಡಿಸಿದವರು ತೆರೆಯುವಾಗಲೂ ಅದನ್ನೇ ಹೇಳಬೇಕು. ಹೇಳದಿದ್ದರೆ ಎಲ್ಲ ಸರಿಯಿದ್ದೂ ಡಿಸ್ಕ್ ಪೂರ್ತಿ ಕೆಟ್ಟಿದೆಯೆಂದು ಕಾಣುತ್ತದೆ. ಡಿಸ್ಕನ್ನು ಇಟ್ಟವರು ಒಬ್ಬರು, ಹತ್ತು ವರ್ಷದ ನಂತರ ತೆರೆಯುವವರು ಅವರ ಮಕ್ಕಳು ಆಗಿರಬಹುದು. ಆದಕಾರಣ ಬಳಸಿದ ವಿಧಾನ, ಸಿದ್ಧಪಡಿಸಿದ ದಿನಾಂಕ ಮತ್ತು ತೆರೆಯುವ ಆಜ್ಞೆಯನ್ನು ಒಂದು ಚೀಟಿಯಲ್ಲಿ ಬರೆದು ಡಿಸ್ಕಿನ ಪೆಟ್ಟಿಗೆಯೊಳಗೆ ಇಡತಕ್ಕದ್ದು.

6. ಆವರ್ತಕ ತಪಾಸಣೆ ಹಾಗೂ ದೋಷ ಕಂಡಾಗ ಮಾಡಬೇಕಾದುದು

ತಾಳೆ ನೋಡುವ ಕೆಲಸ ನಡೆಯುವುದು ಓದಿದಾಗ ಮಾತ್ರ. ಕಪಾಟಿನಲ್ಲಿ ಇಟ್ಟ ಡಿಸ್ಕ್ ತನ್ನಷ್ಟಕ್ಕೆ ಏನನ್ನೂ ಹೇಳುವುದಿಲ್ಲ. ಆದ್ದರಿಂದ ಆರು ತಿಂಗಳಿಗೊಮ್ಮೆಯಾದರೂ ಡಿಸ್ಕನ್ನು ಜೋಡಿಸಿ, ಮೇಲೆ ಹೇಳಿದಂತೆ ತೆರೆದು, ಆರಂಭದಿಂದ ಕೊನೆಯವರೆಗೆ ಒಮ್ಮೆ ಓದಿಸಬೇಕು.

ಡಿಡಿ ಐಎಫ್=/ಡೆವ್/ಮ್ಯಾಪರ್/ದಾಖಲೆ ಒಎಫ್=/ಡೆವ್/ನಲ್ ಬಿಎಸ್=1ಎಂ ಕಾನ್ವ್=ನೊಎರರ್ ಸ್ಟೇಟಸ್=ಪ್ರೋಗ್ರೆಸ್

ಇಲ್ಲಿ 'ಐಎಫ್' ಎಂದರೆ ಓದುವ ಕಡೆ, 'ಒಎಫ್' ಎಂದರೆ ಬರೆಯುವ ಕಡೆ. 'ನಲ್' ಎಂಬುದು ಬಂದದ್ದನ್ನೆಲ್ಲ ಬಿಸಾಡುವ ತೊಟ್ಟಿ. 'ಒಎಫ್' ಮುಂದೆ ಡಿಸ್ಕಿನ ಹೆಸರು ಬರದಂತೆ ಅತ್ಯಂತ ಎಚ್ಚರಿಕೆ ವಹಿಸುವುದು. ಓದಿಸಿದ ನಂತರ ಈ ಕೆಳಗಿನ ಆಜ್ಞೆ ಕೊಡಬೇಕು.

ಡಿಎಂಸೆಟಪ್ ಸ್ಟೇಟಸ್ ದಾಖಲೆ

ಉತ್ತರದ ಸಾಲಿನಲ್ಲಿ 'ಇಂಟೆಗ್ರಿಟಿ' ಎಂಬ ಪದದ ಮುಂದಿನ ಮೊದಲ ಅಂಕಿಯು, ಸಾಧನವನ್ನು ತೆರೆದಾಗಿನಿಂದ ತಾಳೆಯಾಗದ ಪ್ರಕರಣಗಳ ಸಂಖ್ಯೆ. ಅದು 0 ಆಗಿದ್ದರೆ ತಪಾಸಣೆ ಮುಗಿಯಿತು. ಇಲ್ಲವಾದಲ್ಲಿ 'ಡಿಎಂಇಎಸ್‌ಜಿ' ಎಂಬ ಆಜ್ಞೆಯಿಂದ ಕರ್ನೆಲ್ ದಿನಚರಿಯನ್ನು ತೆರೆದರೆ, ಯಾವ ಸೆಕ್ಟರ್‌ನಲ್ಲಿ ತಾಳೆ ತಪ್ಪಿದೆ ಎಂಬ ವಿವರ ದೊರೆಯುತ್ತದೆ.

ದೋಷ ಕಂಡಾಗ ಮೊದಲು ಮಾಡಬೇಕಾದ ಕೆಲಸವೆಂದರೆ ಆ ಡಿಸ್ಕಿಗೆ ಬರೆಯುವುದನ್ನು ನಿಲ್ಲಿಸುವುದು. ನಂತರ ಓದಲು ಬರುವ ಎಲ್ಲ ಕಡತಗಳನ್ನೂ ಬೇರೊಂದು ಡಿಸ್ಕಿಗೆ ನಕಲು ಮಾಡಿ, ಓದಲಾಗದ ಕಡತದ ಹೆಸರನ್ನು ಬರೆದುಕೊಂಡು, ಅದನ್ನು ಇನ್ನೊಂದು ಪ್ರತಿಯಿಂದ ತರಬೇಕು ಅಥವಾ ಕಾಗದದ ಮೂಲದಿಂದ ಮರಳಿ ಸ್ಕ್ಯಾನ್ ಮಾಡಿಸಬೇಕು. ಒಮ್ಮೆ ತಪ್ಪಿದ ಡಿಸ್ಕ್ ಮತ್ತೆ ತಪ್ಪುವ ಸಂಭವ ಹೆಚ್ಚಾಗಿರುವುದರಿಂದ, ಕೇಬಲ್ ಬದಲಿಸಿ ನೋಡಿದ ಮೇಲೂ ದೋಷ ಮುಂದುವರಿದರೆ ಡಿಸ್ಕನ್ನೇ ಬದಲಿಸುವುದು ಕ್ಷೇಮ.

ಸಾಧನವು ತೆರೆಯಲೇ ಒಪ್ಪದಿದ್ದಲ್ಲಿ ಕೊನೆಯ ಉಪಾಯವಾಗಿ 'ಓಪನ್' ಆಜ್ಞೆಗೆ '--ಇಂಟೆಗ್ರಿಟಿ-ರಿಕವರಿ-ಮೋಡ್' ಎಂಬ ಆಯ್ಕೆಯನ್ನು ಸೇರಿಸಬಹುದು. ಆಗ ತಾಳೆ ನೋಡದೆ ಇದ್ದದ್ದನ್ನು ಇದ್ದಂತೆ ಓದಲಾಗುತ್ತದೆ, ಬರೆಯಲು ಅವಕಾಶವಿರುವುದಿಲ್ಲ. ಹೀಗೆ ಪಡೆದ ಕಡತವನ್ನು ಕಣ್ಣಾರೆ ಪರಿಶೀಲಿಸದೆ ಯಾವ ಅರ್ಜಿಯೊಡನೆಯೂ ಲಗತ್ತಿಸಬಾರದು.

7. ಎರಡು ಡಿಸ್ಕ್‌ಗಳನ್ನು ಜೋಡಿಯಾಗಿ ಬಳಸುವುದು

ಒಂದರ ಪ್ರತಿಬಿಂಬವಾಗಿ ಇನ್ನೊಂದು ಡಿಸ್ಕನ್ನು ಇಡುವ ರೇಡ್-1 ಪದ್ಧತಿಯನ್ನು ಅನೇಕ ಕಚೇರಿಗಳು ಅನುಸರಿಸುತ್ತವೆ. ಒಂದು ಡಿಸ್ಕ್ ಪೂರ್ತಿ ಕೆಟ್ಟರೆ ಇನ್ನೊಂದು ಉಳಿಯುತ್ತದೆ ಎಂಬುದು ನಿಜ. ಆದರೆ ಎರಡೂ ಕೆಲಸ ಮಾಡುತ್ತಿದ್ದು ಒಂದೇ ಬ್ಲಾಕಿಗೆ ಎರಡು ಬೇರೆ ಬೇರೆ ಉತ್ತರ ಕೊಟ್ಟರೆ, ಯಾವುದು ಸರಿಯೆಂದು ತೀರ್ಮಾನಿಸುವ ಆಧಾರ ರೇಡ್-1 ವ್ಯವಸ್ಥೆಯಲ್ಲಿ ಇಲ್ಲ. ಇಬ್ಬರು ಸಾಕ್ಷಿಗಳು ಪರಸ್ಪರ ವಿರುದ್ಧ ನುಡಿದಾಗ ಮೂರನೆಯ ಆಧಾರ ಬೇಕಾದಂತೆ ಇಲ್ಲಿಯೂ ಬೇಕು. ತಾಳೆಸಂಖ್ಯೆಯು ಆ ಮೂರನೆಯ ಆಧಾರ.

ಇದಕ್ಕಾಗಿ ಎರಡೂ ಡಿಸ್ಕ್‌ಗಳನ್ನು 5ನೇ ವಿಭಾಗದಲ್ಲಿರುವಂತೆ ಪ್ರತ್ಯೇಕವಾಗಿ ಸಿದ್ಧಪಡಿಸಿ, ಪ್ರತಿ1 ಮತ್ತು ಪ್ರತಿ2 ಎಂಬ ಹೆಸರಿನಲ್ಲಿ ತೆರೆದು, ಅವುಗಳ ಮೇಲೆ ಜೋಡಿಯನ್ನು ಕಟ್ಟಬೇಕು. ಕಡತ ವ್ಯವಸ್ಥೆಯನ್ನು ನಿರ್ಮಿಸುವುದು ಎಂಡಿ0 ಎಂಬ ಜೋಡಿಯ ಮೇಲೆ, ಬಿಡಿ ಡಿಸ್ಕ್‌ಗಳ ಮೇಲಲ್ಲ.

ಎಂಡಿಎಡಿಎಂ --ಕ್ರಿಯೇಟ್ /ಡೆವ್/ಎಂಡಿ0 --ಲೆವೆಲ್=1 --ರೇಡ್-ಡಿವೈಸಸ್=2 /ಡೆವ್/ಮ್ಯಾಪರ್/ಪ್ರತಿ1 /ಡೆವ್/ಮ್ಯಾಪರ್/ಪ್ರತಿ2

ಈಗ ಒಂದು ಡಿಸ್ಕಿನ ಬ್ಲಾಕ್ ತಾಳೆಯಾಗದಿದ್ದರೆ ಅದು ಓದಲಾಗದ ಬ್ಲಾಕ್ ಎಂದು ರೇಡ್ ವ್ಯವಸ್ಥೆಗೆ ತಿಳಿಯುತ್ತದೆ. ವ್ಯವಸ್ಥೆಯು ಇನ್ನೊಂದು ಡಿಸ್ಕಿನಿಂದ ಅದೇ ಬ್ಲಾಕನ್ನು ಓದಿ ಬಳಕೆದಾರರಿಗೆ ಕೊಟ್ಟು, ಕೆಟ್ಟ ಸ್ಥಳಕ್ಕೂ ಅದನ್ನೇ ಬರೆಯುತ್ತದೆ. ಬರಿಯ ಪತ್ತೆಯಾಗಿದ್ದದ್ದು ದುರಸ್ತಿಯೂ ಆಗುವುದು ಈ ಜೋಡಣೆಯಿಂದಲೇ. ಆದರೂ ತಪ್ಪಿ ಅಳಿಸಿದ ಕಡತ ಎರಡೂ ಡಿಸ್ಕ್‌ಗಳಿಂದ ಒಟ್ಟಿಗೇ ಅಳಿಯುತ್ತದೆ. ಬೆಂಕಿ, ಕಳವು, ಸಿಡಿಲಿನಿಂದಾಗುವ ವಿದ್ಯುತ್ ಏರಿಳಿತಗಳಿಗೆ ಎರಡೂ ಒಟ್ಟಿಗೇ ಗುರಿಯಾಗುತ್ತವೆ. ಬೇರೆ ಊರಿನಲ್ಲಿರುವ ಬಂಧುಗಳ ಮನೆಯಲ್ಲಿ ಮತ್ತೊಂದು ಪ್ರತಿ ಇಡುವ ಅಗತ್ಯವನ್ನು ಇದು ತಪ್ಪಿಸುವುದಿಲ್ಲ.

8. ಇನ್ನು ಬದಲಾಗದ ದಾಖಲೆಗಳಿಗೆ

ಹಳೆಯ ಪತ್ರಗಳನ್ನು ಒಮ್ಮೆ ಸ್ಕ್ಯಾನ್ ಮಾಡಿದ ಮೇಲೆ ಅವುಗಳಲ್ಲಿ ಬದಲಿಸುವಂತಹದ್ದೇನೂ ಇರುವುದಿಲ್ಲ. ಇಂತಹ ಸಂಗ್ರಹಕ್ಕೆ ಮೇಲಿನದಕ್ಕಿಂತ ಡಿಎಂ-ವೆರಿಟಿ ಎಂಬ ವ್ಯವಸ್ಥೆ ಹೆಚ್ಚು ಹೊಂದುತ್ತದೆ. ಇದು 2012ರ ಕರ್ನೆಲ್ 3.4ರಿಂದ ಇದೆ, ಆಂಡ್ರಾಯ್ಡ್ ಮೊಬೈಲ್‌ಗಳ ಮೂಲ ತಂತ್ರಾಂಶವನ್ನು ಕಾಯಲೂ ಇದೇ ಬಳಕೆಯಾಗಿದೆ. ಪ್ರತಿ 4096 ಬೈಟ್ ಬ್ಲಾಕಿಗೂ ಎಸ್‌ಎಚ್‌ಎ256 ವಿಧಾನದಲ್ಲಿ 32 ಬೈಟ್‌ಗಳ ಸಂಖ್ಯೆ ತೆಗೆದು, ಅಂತಹ 128 ಸಂಖ್ಯೆಗಳನ್ನು ಒಂದು ಬ್ಲಾಕಿನಲ್ಲಿ ತುಂಬಿ ಅದಕ್ಕೆ ಮತ್ತೆ ಸಂಖ್ಯೆ ತೆಗೆಯುತ್ತಾ ಹೋದರೆ, ತುದಿಯಲ್ಲಿ 64 ಅಕ್ಷರಗಳ ಒಂದೇ ಮೂಲಸಂಖ್ಯೆ ಉಳಿಯುತ್ತದೆ. ಕೆಳಗಿನ ಯಾವ ಬ್ಲಾಕ್ ಬದಲಾದರೂ ಮೂಲಸಂಖ್ಯೆಗೆ ತಾಳೆಯಾಗುವುದಿಲ್ಲ. ವಾರ್ಡ್‌ವಾರು, ಗ್ರಾಮವಾರು, ತಾಲ್ಲೂಕುವಾರು ಮೊತ್ತಗಳು ಸೇರಿ ಜಿಲ್ಲೆಯ ಮೊತ್ತವಾಗುವಂತೆ ಇದರ ರಚನೆ.

ಎಂಕೆಸ್ಕ್ವಾಶ್‌ಎಫ್‌ಎಸ್ ಪತ್ರಗಳು ಸಂಗ್ರಹ.ಐಎಂಜಿ
ವೆರಿಟಿಸೆಟಪ್ ಫಾರ್ಮ್ಯಾಟ್ ಸಂಗ್ರಹ.ಐಎಂಜಿ ಸಂಗ್ರಹ.ಹ್ಯಾಶ್

ಮೊದಲನೆಯ ಆಜ್ಞೆಯು 'ಪತ್ರಗಳು' ಎಂಬ ಕಡತಕೋಶವನ್ನು ಓದಲು ಮಾತ್ರ ಬರುವ ಒಂದೇ ಕಡತವಾಗಿ ಕಟ್ಟುತ್ತದೆ. ಎರಡನೆಯದು ತಾಳೆಸಂಖ್ಯೆಗಳನ್ನು ಬೇರೆ ಕಡತದಲ್ಲಿ ಬರೆದು, ಮೂಲಸಂಖ್ಯೆಯನ್ನು ಪರದೆಯ ಮೇಲೆ ತೋರಿಸುತ್ತದೆ. ಈ 64 ಅಕ್ಷರಗಳನ್ನು ಮುದ್ರಿಸಿ, ಡಿಸ್ಕ್ ಇರುವ ಸ್ಥಳವನ್ನು ಬಿಟ್ಟು ಬೇರೆ ಕಡೆ ಇಡಬೇಕು. ಮುಂದೆ ಯಾವಾಗಲಾದರೂ ಪರೀಕ್ಷಿಸಲು 'ವೆರಿಟಿಸೆಟಪ್ ವೆರಿಫೈ' ಎಂಬ ಆಜ್ಞೆಗೆ ಎರಡೂ ಕಡತಗಳ ಹೆಸರನ್ನೂ ಮೂಲಸಂಖ್ಯೆಯನ್ನೂ ಕ್ರಮವಾಗಿ ಕೊಟ್ಟರೆ ಸಾಕು. ಸಿದ್ಧಪಡಿಸುವಾಗ '--ಎಫ್‌ಇಸಿ-ಡಿವೈಸ್' ಆಯ್ಕೆಯಿಂದ ಮೂರನೆಯ ಕಡತವೊಂದನ್ನು ಮಾಡಿಸಿಕೊಂಡಿದ್ದರೆ ಮಿತವಾದ ಪ್ರಮಾಣದ ದೋಷಗಳನ್ನು ಸರಿಪಡಿಸಲೂ ಸಾಧ್ಯವಾಗುತ್ತದೆ.

9. ಆಕಸ್ಮಿಕ ದೋಷ ಮತ್ತು ಉದ್ದೇಶಪೂರ್ವಕ ತಿದ್ದುಪಡಿ

ಸಿಆರ್‌ಸಿ32ಸಿ ತಾಳೆಸಂಖ್ಯೆಯು ಆಕಸ್ಮಿಕ ದೋಷಕ್ಕೆ ಮಾತ್ರ. ಡಿಸ್ಕ್ ಕೈಗೆ ಸಿಕ್ಕವರು ದತ್ತಾಂಶವನ್ನು ತಿದ್ದಿ ತಾಳೆಸಂಖ್ಯೆಯನ್ನೂ ಹೊಸದಾಗಿ ಬರೆದರೆ ಅದು ಏನನ್ನೂ ಹೇಳುವುದಿಲ್ಲ. ರಹಸ್ಯ ಕೀಲಿಯನ್ನು ಬಳಸುವ ಎಚ್‌ಎಂಎಸಿ-ಎಸ್‌ಎಚ್‌ಎ256 ವಿಧಾನದಲ್ಲಿ ಕೀಲಿ ಇಲ್ಲದವರು ಹೊಸ ತಾಳೆಸಂಖ್ಯೆ ಬರೆಯಲಾರರು. ಆದರೂ ಅದೇ ಬ್ಲಾಕಿನ ಹಳೆಯ ದತ್ತಾಂಶವನ್ನು ಅದರ ಹಳೆಯ ತಾಳೆಸಂಖ್ಯೆಯೊಡನೆ ತಂದು ಕೂರಿಸಿದರೆ ಅದು ಪತ್ತೆಯಾಗುವುದಿಲ್ಲ. ಕೀಲಿ ಕಡತ ಕಳೆದುಹೋದರೆ ತಾಳೆ ನೋಡುವ ದಾರಿಯೇ ಮುಚ್ಚುತ್ತದೆ. ಮನೆಯ ದಾಖಲೆಗಳಿಗೆ ಈ ವಿಧಾನವು ಲಾಭಕ್ಕಿಂತ ತೊಡಕನ್ನೇ ಹೆಚ್ಚು ತರುತ್ತದೆ. ತಿದ್ದುಪಡಿಯ ಭಯವಿರುವವರಿಗೆ, ಮೂಲಸಂಖ್ಯೆಯನ್ನು ಬೇರೆಡೆ ಇಟ್ಟ ಡಿಎಂ-ವೆರಿಟಿ ಸಾಕಾಗುತ್ತದೆ.

ವಿದ್ಯುನ್ಮಾನ ದಾಖಲೆಯನ್ನು ನ್ಯಾಯಾಲಯದಲ್ಲಿ ಹಾಜರುಪಡಿಸುವ ಸಂದರ್ಭ ಬೇರೆ. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೇ ಪ್ರಕರಣದ ಪ್ರಮಾಣಪತ್ರದಲ್ಲಿ ದಾಖಲೆಯ ಹ್ಯಾಶ್ ಮೌಲ್ಯವನ್ನೂ ಅದನ್ನು ಪಡೆದ ವಿಧಾನವನ್ನೂ ನಮೂದಿಸಬೇಕಾಗುತ್ತದೆ. ಅಲ್ಲಿ ಕೇಳುವುದು ಕಡತದ ಹ್ಯಾಶ್ ಮೌಲ್ಯವನ್ನು. ಡಿಸ್ಕಿನ ಬ್ಲಾಕುಗಳ ತಾಳೆಸಂಖ್ಯೆ ಅದಕ್ಕೆ ಬದಲಿಯಾಗದು. ಲಿನಕ್ಸ್‌ನಲ್ಲಿ 'ಎಸ್‌ಎಚ್‌ಎ256ಸಮ್' ಎಂಬ ಆಜ್ಞೆಯ ಮುಂದೆ ಕಡತದ ಹೆಸರು ಕೊಟ್ಟು ಅದನ್ನು ಪಡೆಯಬಹುದು. ವಿಂಡೋಸ್‌ನಲ್ಲಿ 'ಸರ್ಟ್‌ಯುಟಿಲ್ -ಹ್ಯಾಶ್‌ಫೈಲ್' ಎಂಬುದರ ಮುಂದೆ ಕಡತದ ಹೆಸರನ್ನೂ ವಿಧಾನದ ಹೆಸರನ್ನೂ ಕೊಡಬೇಕು.

10. ಕಚೇರಿಗೆ ಅಥವಾ ಸೇವಾ ಕೇಂದ್ರಕ್ಕೆ ಕಡತ ತರುವವರ ಗಮನಕ್ಕೆ

ಇಂಟೆಗ್ರಿಟಿಸೆಟಪ್‌ನಿಂದ ಸಿದ್ಧಪಡಿಸಿದ ಡಿಸ್ಕನ್ನು ವಿಂಡೋಸ್ ಗುರುತಿಸುವುದಿಲ್ಲ. ಅಂತಹ ಗಣಕಯಂತ್ರಕ್ಕೆ ಜೋಡಿಸಿದಾಗ, ಡಿಸ್ಕನ್ನು ಬಳಸುವ ಮುನ್ನ ಫಾರ್ಮ್ಯಾಟ್ ಮಾಡಬೇಕೆಂಬ ಸೂಚನೆ ಪರದೆಯ ಮೇಲೆ ಬರುವ ಸಂಭವವಿದೆ. ಸಾಲಿನಲ್ಲಿ ಜನ ಕಾಯುತ್ತಿರುವಾಗ ಯಾರಾದರೂ ಒಪ್ಪಿಗೆಯ ಗುಂಡಿಯನ್ನು ಒತ್ತಿದರೆ ಡಿಸ್ಕಿನ ಆರಂಭದ ಭಾಗ ಅಳಿಸಿ, ದಾಖಲೆಗಳನ್ನು ತೆರೆಯುವುದು ಕಷ್ಟಸಾಧ್ಯವಾಗುತ್ತದೆ. ಆದ್ದರಿಂದ ಇಂತಹ ಡಿಸ್ಕನ್ನು ಮನೆಯಿಂದ ಹೊರಗೆ ತರಬಾರದು. ಅರ್ಜಿಗೆ ಬೇಕಾದ ಕಡತಗಳನ್ನು ಮಾತ್ರ ಸಾಮಾನ್ಯ ಪೆನ್ ಡ್ರೈವ್‌ಗೆ ನಕಲು ಮಾಡಿ, ಪೆನ್ ಡ್ರೈವ್ ಕಳಚಿ ಮತ್ತೆ ಜೋಡಿಸಿ, ಎರಡೂ ಕಡೆಯ ಎಸ್‌ಎಚ್‌ಎ256 ಮೌಲ್ಯ ಒಂದೇ ಇದೆಯೆಂದು ನೋಡಿಕೊಂಡು ತರುವುದು. ಕಳಚಿ ಜೋಡಿಸದೆ ಹೋಲಿಸಿದರೆ ಗಣಕಯಂತ್ರವು ಪೆನ್ ಡ್ರೈವ್ ಬದಲು ತನ್ನ ನೆನಪಿನಲ್ಲಿರುವ ಪ್ರತಿಯನ್ನೇ ಓದಿ ಸರಿಯಿದೆ ಎಂದು ಹೇಳಬಹುದು.